ಟೈಪ್‌ರೈಟರ್ ಬೀಳಿಸದ ಅಧ್ಯಕ್ಷ

ವಾಟರ್‌ಗೇಟ್ ಹಗರಣದ ಮಾತು ಬಂದಾಗಲೆಲ್ಲ ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’ (1976) ಚಿತ್ರವನ್ನು ಸಾಕ್ಷಿಯ ಹಾಗೆ ಮುಂದಿಡುವವರಿದ್ದಾರೆ. ನಿರ್ದೇಶಕ ಅಲನ್ ಪಕುಲಾನ ಕಸುಬಿನ ಬಗ್ಗೆ ತಕರಾರಿಲ್ಲ. ವರದಿಗಾರ ವುಡ್‌ವರ್ಡ್ ಫೋನಿಗೆ ಅಂಟಿಕೊಂಡು ಕೂತ ಆ ಉದ್ದನೆಯ ಶಾಟ್‌ನಲ್ಲಿ ಅವನ ಪಾತ್ರ ಮಾಡಿದ ರೆಡ್‌ಫರ್ಡ್ ಒಬ್ಬರ ಹೆಸರಿಗೆ ಇನ್ನೊಬ್ಬರ ಹೆಸರು ಹೇಳಿ ತಿದ್ದಿಕೊಳ್ಳುತ್ತಾನೆ. ನಟನ ಆ ಎಡವಟ್ಟನ್ನು ಕತ್ತರಿಸದೆ ಉಳಿಸಿಕೊಂಡದ್ದರಿಂದಲೇ ವರದಿಗಾರನ ತಡವರಿಕೆಗೆ ಜೀವ ಬಂದಿದೆ. ಆದರೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಯಾಕೆ ಬಿದ್ದ ಎಂಬುದಕ್ಕೆ ಚಿತ್ರ ಕೊಡುವ ಉತ್ತರ ತಪ್ಪು, ಮತ್ತು ಆ ತಪ್ಪು ಅಡಗಿರುವುದು ಕೊನೆಯ ದೃಶ್ಯದಲ್ಲಿ.

ಎದುರಿಗೆ ಟಿವಿಯಲ್ಲಿ ನಿಕ್ಸನ್ ಎರಡನೆಯ ಬಾರಿ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದಾನೆ. ಅದು 1973ರ ಜನವರಿ. ಹಿಂದೆ, ದೂರದಲ್ಲಿ, ಇಬ್ಬರು ವರದಿಗಾರರು ತಲೆ ಬಗ್ಗಿಸಿ ಟೈಪ್ ಮಾಡುತ್ತಿದ್ದಾರೆ. ಕುಶಾಲತೋಪಿನ ಸದ್ದನ್ನು ಕೀಲಿಗಳ ಸದ್ದು ಮೀರುತ್ತದೆ. ತಕ್ಷಣ ಟೆಲಿಪ್ರಿಂಟರ್: ತಪ್ಪೊಪ್ಪಿಗೆ, ಶಿಕ್ಷೆ, 1974ರ ಆಗಸ್ಟಿನ ರಾಜೀನಾಮೆ. ಹತ್ತೊಂಬತ್ತು ತಿಂಗಳು ಒಂದೇ ಉಸಿರಿಗೆ ಮುಗಿದುಹೋಗುತ್ತವೆ. ಸದ್ದಿನ ಈ ಜೋಡಣೆ ಬರೀ ಅಲಂಕಾರವಲ್ಲ. ಟೈಪ್ ಮಾಡಿದರು, ಆದ್ದರಿಂದ ಬಿದ್ದ ಎಂದು ಕಿವಿಗೆ ಹೇಳುವ ವಾದ. ನುಂಗಿಹೋದ ಆ ತಿಂಗಳುಗಳಲ್ಲೇ ಎಲ್ಲ ನಡೆದದ್ದು. ಸೆನೆಟ್ 77-0 ಮತಗಳಿಂದ ತನಿಖಾ ಸಮಿತಿ ರಚಿಸಿತು. ಶ್ವೇತಭವನದಲ್ಲಿ ಧ್ವನಿಮುದ್ರಣ ನಡೆಯುತ್ತಿತ್ತೆಂದು ಅಲ್ಲಿ ಅಧಿಕಾರಿಯಾಗಿದ್ದ ಬಟರ್‌ಫೀಲ್ಡ್ 1973ರ ಜುಲೈ 16ರಂದು ಅದರ ಮುಂದೆ ಬಾಯಿಬಿಟ್ಟ. ಟೇಪು ಒಪ್ಪಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಮ್ಮತದ ತೀರ್ಪು ಕೊಟ್ಟರು. ತನಿಖೆ ತಡೆಯಲು ನಿಕ್ಸನ್ ಒಪ್ಪಿದ್ದು ಅವನದೇ ದನಿಯಲ್ಲಿ ಹೊರಬಿದ್ದ ಮೇಲೆ ಅವನು ಕುರ್ಚಿಯಲ್ಲಿ ಉಳಿದದ್ದು ನಾಲ್ಕೇ ದಿನ.

ಇದು ವರದಿಗಾರರ ಕಥೆ, ಇತಿಹಾಸದ ಪಠ್ಯವಲ್ಲ ಎನ್ನುವ ವಿಮರ್ಶಕರಿಗೆ ನನ್ನ ಪ್ರಶ್ನೆ ಇಷ್ಟೇ: ಹಾಗಾದರೆ ಆ ಟೆಲಿಪ್ರಿಂಟರ್ ಯಾಕೆ ಬೇಕಿತ್ತು? ಜನವರಿಯಲ್ಲೇ ನಿಲ್ಲಿಸಿದ್ದರೆ ವರದಿಗಾರರು ಇನ್ನೂ ಸೋತಿದ್ದಾರೆ ಎಂಬ ನಿಜ ಉಳಿಯುತ್ತಿತ್ತು. ಪತ್ರಿಕೆ ಬೆನ್ನು ಹತ್ತದಿದ್ದರೆ ಸಮಿತಿಯೇ ಆಗುತ್ತಿರಲಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ತನಿಖೆಯನ್ನು ಬಹುಮಟ್ಟಿಗೆ ನಡೆಸಿದ್ದು ಸರ್ಕಾರದ್ದೇ ಸಂಸ್ಥೆಗಳೆಂದು ಪತ್ರಕರ್ತ ಎಡ್ವರ್ಡ್ ಜೇ ಎಪ್‌ಸ್ಟೈನ್ 1974ರಲ್ಲೇ ಬರೆದಿದ್ದ. ಚಿತ್ರವನ್ನು ಹೊಗಳಿದವರು ಅವನಿಗೆ ನೇರ ಉತ್ತರ ಕೊಡುವ ಬದಲು ಅವನನ್ನು ಪತ್ರಿಕೆಗಳ ವೈರಿಯಂತೆ ಕಂಡರು. 2005ರಲ್ಲಿ, ಚಿತ್ರದಲ್ಲಿ ಕತ್ತಲ ಗ್ಯಾರೇಜಿನಲ್ಲಿ ವುಡ್‌ವರ್ಡ್‌ಗೆ ಸುಳಿವು ಕೊಡುವ ಗುಟ್ಟಿನ ಮನುಷ್ಯ ಎಫ್‌ಬಿಐನ ಎರಡನೆಯ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್ ಎಂದು ಬಯಲಾದಾಗ ಎಪ್‌ಸ್ಟೈನನ ಮಾತಿಗೆ ಬಲ ಬಂತು. ಆಗಲೂ ಅವರು ಅದನ್ನು ಇಬ್ಬರು ವರದಿಗಾರರ ಇನ್ನೊಂದು ಗೆಲುವೆಂದೇ ಓದಿದರು.