ತೆರೆಯ ಮೇಲಿನ ಸ್ಟೀರಿಂಗ್ ಎಷ್ಟು ನಿಜ?

ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಹೊರತಂದ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಆಟದಲ್ಲಿ ಕಣ್ಣಿಗೆ ಕಾಣುವುದೆಲ್ಲ ಸೊಗಸು. ಸ್ಕಾನಿಯಾ, ವೋಲ್ವೊ ಲಾರಿಗಳ ಡ್ಯಾಶ್‌ಬೋರ್ಡ್, ಮಳೆಗೆ ಹೊಳೆಯುವ ರಸ್ತೆ, ಊರೂರಿನ ಫಲಕಗಳು ಯಾವುದರಲ್ಲೂ ಜಿಪುಣತನವಿಲ್ಲ. ಆದರೆ ಲಾರಿ ಓಡಿಸುವ ಆಟವನ್ನು ಕಣ್ಣೊಂದರಿಂದ ಅಳೆಯಲಾಗದು. ಸ್ಟೀರಿಂಗ್ ಹಿಡಿದ ಕೈ ಏನು ಹೇಳುತ್ತದೆ ಎಂಬುದೂ ಮುಖ್ಯ.

ನಿಜವಾದ ಭಾರಿ ಲಾರಿಯ ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಗೆ ಒಯ್ಯಲು ಸುಮಾರು ನಾಲ್ಕೈದು ಸುತ್ತು ಬೇಕು. ಆಟಗಾರರು ಬಳಸುವ ಲಾಜಿಟೆಕ್ ಜಿ29ರಂಥ ಚಕ್ರ ತಿರುಗುವುದು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು. ಹಾಗಾಗಿ ಕೈ ಒಂದಿಷ್ಟು ಅಲುಗಿದರೂ ತೆರೆಯ ಲಾರಿ ನಿಜದ ಲಾರಿಗಿಂತ ಹೆಚ್ಚು ವಾಲುತ್ತದೆ. ಕೀಬೋರ್ಡಿನಲ್ಲಂತೂ ಗುಂಡಿ ಒತ್ತುವುದು, ಬಿಡುವುದು ಎರಡೇ. ನಡುವಿನ ಹದವನ್ನು ಆಟವೇ ಊಹಿಸಿ ತುಂಬಬೇಕು.

ಇದಕ್ಕೆ ಆಟ ಕೊಡುವ ಮದ್ದು ‘ಸೆನ್ಸಿಟಿವಿಟಿ’ ಮತ್ತು ‘ನಾನ್-ಲೀನಿಯಾರಿಟಿ’ ಎಂಬ ಎರಡು ಹೊಂದಾಣಿಕೆಗಳು. ಎರಡನೆಯದನ್ನು ಏರಿಸಿದರೆ ಚಕ್ರ ನೆಟ್ಟಗಿರುವ ಜಾಗದ ಆಸುಪಾಸಿನಲ್ಲಿ ಲಾರಿ ನಿಧಾನವಾಗಿ ಸ್ಪಂದಿಸುತ್ತದೆ, ತುದಿಗೆ ಹೋದಂತೆ ಚುರುಕಾಗುತ್ತದೆ. ನೈಜತೆಯ ಕಟ್ಟಾಳುಗಳು ಇದನ್ನು ಮೋಸವೆಂದು ಸೊನ್ನೆಗೆ ಇಳಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೆದ್ದಾರಿ ಹಿಡಿದ ಲಾರಿಯ ಗಾಂಭೀರ್ಯ ಇರುವುದೇ ಆ ನಡುಜಾಗದ ನಿಧಾನದಲ್ಲಿ. ಅದನ್ನು ಸ್ವಲ್ಪ ಮಂದಗೊಳಿಸಿದರೆ ಎರಡೂವರೆ ಸುತ್ತಿನ ಚಕ್ರವೂ ನಾಲ್ಕೈದು ಸುತ್ತಿನದರ ಸ್ವಭಾವಕ್ಕೆ ಹತ್ತಿರವಾಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಟ್ರೇಲರನ್ನು ರಿವರ್ಸ್ ತೆಗೆದು ಗೋದಾಮಿನ ಬಾಗಿಲಿಗೆ ನಿಲ್ಲಿಸುವಾಗ ಚಕ್ರ ತುದಿಯಲ್ಲಿ ಜಿಗಿಯುತ್ತದೆ. ಎಷ್ಟು ತಿರುಗಿಸಿದರೆ ಎಷ್ಟು ಹೊರಳೀತು ಎಂಬ ಅಂದಾಜು ಕೈಗೆ ಹತ್ತುವುದಿಲ್ಲ. ಮೇಲಾಗಿ, ಯುರೋಪನ್ನು ಸುಮಾರು 1:19ಕ್ಕೆ ಕುಗ್ಗಿಸಿದ ನಕ್ಷೆಯಲ್ಲಿ ನೇರ ರಸ್ತೆ ಬೇಗ ಮುಗಿದು ತಿರುವು ಬೇಗ ಎದುರಾಗುತ್ತದೆ. ಮಂದ ಸ್ಟೀರಿಂಗ್ ಅಲ್ಲಿ ತೊಡಕೇ.

ನನ್ನ ತಕರಾರು ಬೇರೆಯದು. ತೆರೆಯ ಮೇಲಿನ ಚಕ್ರ ಎಷ್ಟು ಸುತ್ತುವಂತೆ ಕಾಣಬೇಕು ಎಂಬುದಕ್ಕೂ ಪ್ರತ್ಯೇಕ ಹೊಂದಾಣಿಕೆಯಿದೆ. ಅದು ಬರೀ ನೋಟಕ್ಕೆ. ಲಾರಿಯ ವರ್ತನೆ ಬದಲಾಗದು. ತೋರಿಕೆಯದ್ದು ಯಾವುದು, ವರ್ತನೆಯದ್ದು ಯಾವುದು ಎಂದು ಹೊಸಬರಿಗೆ ಆಟ ಬಿಡಿಸಿ ಹೇಳುವುದಿಲ್ಲ. ಇಷ್ಟು ಶ್ರದ್ಧೆಯಿಂದ ಕಟ್ಟಿದ ಆಟದಲ್ಲಿ ಇದು ಉದಾಸೀನವೇ ಸರಿ.

ಸೀಟಿನ ಕುಲುಕಾಟ, ತಿರುವಿನಲ್ಲಿ ಮೈ ವಾಲುವುದು ಇವನ್ನು ಮೇಜಿನ ಮುಂದೆ ಕೂತವರಿಗೆ ಯಾವ ಆಟವೂ ಕೊಡಲಾರದು. ಆ ಕೊರತೆ ಇರುವವರೆಗೆ ಸ್ಟೀರಿಂಗಿನ ನೈಜತೆ ಒಂದು ರಾಜಿಯೇ. ಚಕ್ರ ಇದ್ದವರು 900 ಡಿಗ್ರಿ ಇಟ್ಟು, ನಾನ್-ಲೀನಿಯಾರಿಟಿಯನ್ನು ತುಸುವೇ ಏರಿಸಿ ನೋಡಿ. ಕೀಬೋರ್ಡಿನವರು ನೈಜತೆಯ ಹಂಬಲ ಬಿಟ್ಟು ಪ್ರಯಾಣವನ್ನು ಸವಿಯುವುದು ಮೇಲು.