ತಾಳದೊಳಗಿನ ಮೌನ: ಇಸ್ರಾಯೆಲ್ ಗಾಲ್ವಾನರ ‘ಸುವರ್ಣಯುಗ’

ಪರಂಪರೆ ಮತ್ತು ಆಧುನಿಕತೆಗಳ ಸಂಗಮ ಎಂಬ ಮಾತು ಕಲಾವಿಮರ್ಶೆಯಲ್ಲಿ ಬಳಸಿ ಬಳಸಿ ಸವೆದುಹೋಗಿದೆ. ಸಂಗಮವೆಂದೊಡನೆ ಬೇರೆಬೇರೆಯಾದ ಎರಡು ಹೊಳೆಗಳನ್ನು ಮೊದಲೇ ಕಲ್ಪಿಸಿಕೊಂಡಂತಾಗುತ್ತದೆ. ಸ್ಪೇನಿನ ಫ್ಲಮೆಂಕೊ ನರ್ತಕ ಇಸ್ರಾಯೆಲ್ ಗಾಲ್ವಾನರು 2005ರಲ್ಲಿ ರಂಗಕ್ಕೆ ತಂದ ‘ಲಾ ಎದಾದ್ ದೆ ಓರೊ’, ಅರ್ಥಾತ್ ‘ಸುವರ್ಣಯುಗ’, ಈ ಕಲ್ಪನೆಯನ್ನೇ ಪ್ರಶ್ನಿಸುವ ಕೃತಿಯಾಗಿದೆ.

ಗಾಲ್ವಾನರು 1973ರಲ್ಲಿ ಸೆವಿಲ್ ನಗರದಲ್ಲಿ ನರ್ತಕ ದಂಪತಿಗಳ ಮಗನಾಗಿ ಜನಿಸಿದವರು. ಸಂಪ್ರದಾಯ ಅವರಿಗೆ ಮನೆಯ ಮಾತು. 2000ದಲ್ಲಿ ಕಾಫ್ಕಾನ ‘ರೂಪಾಂತರ’ವನ್ನು ನರ್ತಿಸಿದ ಅವರು, ಇಲ್ಲಿ ಕಥೆ, ಪಾತ್ರ, ರಂಗಸಜ್ಜಿಕೆಗಳನ್ನೆಲ್ಲ ಕೈಬಿಟ್ಟಿದ್ದಾರೆ. ಬರಿದಾದ ರಂಗದ ಮೇಲೆ ಒಬ್ಬ ಗಾಯಕ, ಒಬ್ಬ ಗಿಟಾರ್ ವಾದಕ, ಒಬ್ಬ ನರ್ತಕ ಇಷ್ಟೇ.

ಫ್ಲಮೆಂಕೊದ ಪ್ರಾಣವೆಂದರೆ ‘ಕೊಂಪಾಸ್’ ಎಂಬ ಲಯಚಕ್ರ. ‘ಸೊಲೆಯಾ’ ಪ್ರಕಾರದಲ್ಲಿ ಹನ್ನೆರಡು ಎಣಿಕೆಗಳ ಆವರ್ತವಿದ್ದು, 3, 6, 8, 10 ಮತ್ತು 12ನೆಯ ಎಣಿಕೆಗಳ ಮೇಲೆ ಒತ್ತು ಬೀಳುತ್ತದೆ. ರೂಢಿಯ ನರ್ತಕನು ಈ ಆವರ್ತವನ್ನು ಪಾದಾಘಾತಗಳಿಂದ ತುಂಬುತ್ತ ಹೋಗುತ್ತಾನೆ. ಗಾಲ್ವಾನರಾದರೋ ತಟ್ಟನೆ ನಿಂತುಬಿಡುತ್ತಾರೆ. ಪಾರ್ಶ್ವಭಂಗಿಯಲ್ಲಿ ದೇಹ ಸ್ತಬ್ಧವಾಗುತ್ತದೆ. ಎಣಿಕೆ ಮಾತ್ರ ಮುಂದುವರಿಯುತ್ತದೆ. ಆ ಮೌನವನ್ನು ಒಡೆಯುವುದು ಕೆಲವೊಮ್ಮೆ ಪಾದ, ಕೆಲವೊಮ್ಮೆ ಬೆರಳಿನ ಚಿಟಿಕೆ, ಕೆಲವೊಮ್ಮೆ ಮೈಮೇಲೆ ಬಿದ್ದ ತಟ್ಟು. ತಾಳವನ್ನು ಮುರಿದಂತೆ ತೋರುವ ಎಡೆಯಲ್ಲಿಯೇ ಅದರ ಪಾಲನೆ ಅತ್ಯಂತ ಕಠೋರವಾಗಿದೆ. ಇಲ್ಲಿನ ನವೀನತೆ ಹೊರಗಿನಿಂದ ತಂದು ಸೇರಿಸಿದ್ದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಕೃತಿಯ ಶೀರ್ಷಿಕೆಯೂ ವಿಚಾರಾರ್ಹ. ಸುವರ್ಣಯುಗವೆಂದು ಕರೆಯಲಾಗುವ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ಲಮೆಂಕೊ ಬೆಳೆದದ್ದು ಹಣ ತೆತ್ತು ನೋಡುವ ಗಾನಗೃಹಗಳ ವೇದಿಕೆಯ ಮೇಲೆ. ಆ ವಾಣಿಜ್ಯದಿಂದ ಕಲೆ ಕೆಟ್ಟಿತೆಂಬ ಆತಂಕದಿಂದಲೇ ಸಂಗೀತಕಾರ ಫಾಯಾ, ಕವಿ ಲೋರ್ಕಾ ಮುಂತಾದವರು 1922ರಲ್ಲಿ ಗ್ರನಾಡಾದಲ್ಲಿ ಗಾಯನಸ್ಪರ್ಧೆಯನ್ನು ಏರ್ಪಡಿಸಿದರು. ವಿಸೆಂತೆ ಎಸ್ಕುದೆರೊ 1951ರಲ್ಲಿ ಪುರುಷನರ್ತನಕ್ಕೆ ಹತ್ತು ನಿಯಮಗಳನ್ನು ವಿಧಿಸಿದಾಗ, ಸೊಂಟದ ನಿಶ್ಚಲತೆಯೂ ಅವುಗಳಲ್ಲಿ ಒಂದಾಗಿತ್ತು. ಆದರೆ ಅದೇ ಎಸ್ಕುದೆರೊ ತಮ್ಮ ಕಾಲದ ಮಹಾ ಪ್ರಯೋಗಶೀಲರೂ ಆಗಿದ್ದರು. ‘ಶುದ್ಧ’ವೆಂದು ನಾವು ಕರೆಯುವ ರೂಪವು ಒಂದು ಕಾಲದ ಪ್ರಯೋಗವೇ ಆಗಿದ್ದಿತೆಂಬ ಅರಿವು ಗಾಲ್ವಾನರ ಮೈಯಲ್ಲಿದೆ. ಅವರು ಎಸ್ಕುದೆರೊನ ಗೆರೆಗಳನ್ನು ಉಳಿಸಿಕೊಂಡೇ ಸೊಂಟವನ್ನು ಸಡಿಲಿಸುತ್ತಾರೆ.

ಹೀಗಿದ್ದೂ ಕೃತಿಗೆ ಒಂದು ಮಿತಿಯುಂಟು. ತಾಳ ಬಲ್ಲವನಿಗೆ ಈ ಮೌನ ಕೇಳಿಸುತ್ತದೆ. ಅರಿಯದವನಿಗೆ ಅದು ಬರಿಯ ನಿಲುಗಡೆ. ಬಡವರ, ಜಿಪ್ಸಿ ಸಮುದಾಯದವರ ಅಳಲನ್ನು ಹೊತ್ತು ಬಂದ ಹಾಡಿಗೆ ಇಲ್ಲಿ ದೇಹವು ಮರುಗುವುದಕ್ಕಿಂತ ಹೆಚ್ಚಾಗಿ ಭಾಷ್ಯ ಬರೆಯುತ್ತದೆ. ನರ್ತಕನು ಹಿಂದೆ ಸರಿದು ಗಾಯಕನೊಬ್ಬನೇ ಹಾಡುವ ಘಟ್ಟಗಳಲ್ಲಿ ಈ ಕೊರತೆ ತಾನಾಗಿ ತುಂಬುತ್ತದೆ. ಭಾಷ್ಯವು ಎಷ್ಟೇ ಪ್ರೌಢವಾಗಿದ್ದರೂ ಮೂಲಕ್ಕೆ ದಾರಿ ಬಿಡಲೇಬೇಕು. ಅದನ್ನು ಅರಿತು ಬಿಟ್ಟುಕೊಟ್ಟದ್ದರಲ್ಲಿಯೇ ಈ ಕೃತಿಯ ಹಿರಿಮೆಯಿದೆ.