ಬೆಂದ ಬೇಳೆ, ಕಂದಿದ ಹಲ್ಲು

ನಮ್ಮ ಕಡೆ ನೀರಿಗೆ ಎರಡೇ ಪರೀಕ್ಷೆ. ಬೇಳೆ ಬೇಯಬೇಕು, ಸೋಪು ನೊರೆ ಬರಬೇಕು. ಎರಡರಲ್ಲೂ ಪಾಸಾದರೆ ಸಿಹಿನೀರು. ಇಲ್ಲದಿದ್ದರೆ ಸವುಳು, ದನಕ್ಕೂ ಪಾತ್ರೆ ತೊಳೆಯುವುದಕ್ಕೂ ಸರಿ. ಬುಕ್ಕಾಪಟ್ಟಣದಿಂದ ಪಾವಗಡದ ಗಡಿಯವರೆಗೆ ಯಾವ ಹಟ್ಟಿಯಲ್ಲಿ ಕೇಳಿದರೂ ಹೆಂಗಸರು ಇದನ್ನೇ ಹೇಳುತ್ತಾರೆ. ಹೊಸ ಬೋರಿನ ಮೊದಲ ಬಿಂದಿಗೆ ಹೋಗುವುದು ಒಲೆಗೆ, ಪ್ರಯೋಗಾಲಯಕ್ಕಲ್ಲ.

ಈ ಪರೀಕ್ಷೆಯನ್ನು ಹಗುರವಾಗಿ ಕಾಣಬೇಕಿಲ್ಲ. ನೀರಿನ ಗಡಸುತನವನ್ನು ಅದು ಸರಿಯಾಗಿಯೇ ಹಿಡಿಯುತ್ತದೆ. ಎಡವುವುದು ಫ್ಲೋರೈಡಿನ ಹತ್ತಿರ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಸಾಲದ್ದಕ್ಕೆ, ನಮ್ಮಂಥ ಗ್ರಾನೈಟು ಸೀಮೆಯಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟು ಹೆಚ್ಚಿರುವ ನೀರಿನಲ್ಲೇ ಫ್ಲೋರೈಡು ಏರುವುದು ವಾಡಿಕೆ. ಅಂಥ ನೀರು ಮೆದು. ಅಡುಗೆ ಸೋಡಾ ಉದುರಿಸಿದ ಹಾಗೆ ಬೇಳೆ ಬೇಗ ಕರಗುತ್ತದೆ, ಸೋಪು ಉಕ್ಕಿ ಬರುತ್ತದೆ. ಹೀಗಾಗಿ ಊರು ಹುಡುಕಿ ಆರಿಸಿಕೊಂಡ ಬೋರೇ ಎಷ್ಟೋ ಸಲ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಎಳೆಯುತ್ತದೆ, ನಲವತ್ತಕ್ಕೇ ಸೊಂಟ ಬಗ್ಗಿಸುತ್ತದೆ.

ನಾಲಿಗೆಗೆ ಸಿಗದ್ದನ್ನು ಕಣ್ಣಿಗೆ ತೋರಿಸಲೆಂದು 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಹಳ್ಳಿಗೆ ಐವರು ಹೆಂಗಸರಂತೆ ತರಬೇತಿ ಕೊಟ್ಟು ಕೈಗೆ ಪರೀಕ್ಷಾ ಕಿಟ್ಟು ಕೊಡುವ ಏರ್ಪಾಡು ಮಾಡಿತು. ಕೊಳವೆಯಲ್ಲಿ ನೀರು ಹಿಡಿದು, ನಾಲ್ಕು ಹನಿ ಬೆರೆಸಿ, ಬಣ್ಣ ಗುಲಾಬಿಯಿಂದ ಹಳದಿಗೆ ಎಷ್ಟು ತಿರುಗಿತೆಂದು ಚಾರ್ಟಿನ ಜೊತೆ ಹೋಲಿಸಬೇಕು. ನೀರಿನ ವಿಷಯದಲ್ಲಿ ಸರ್ಕಾರ ಈಚೆಗೆ ಮಾಡಿದ ಕೆಲಸಗಳಲ್ಲಿ ನಾನು ಮೆಚ್ಚುವುದು ಇದನ್ನೇ. ನೀರು ಹೊರುವವಳೇ ನೀರು ಅಳೆಯುವುದು ಸಣ್ಣ ಮಾತಲ್ಲ. ನನ್ನ ತಕರಾರು ಅಲ್ಲಿಂದ ಮುಂದಿನದು. ಬಣ್ಣ ಹಳದಿಯಾಯಿತು, ಸರಿ. ಆಮೇಲೆ? ಅವಳು ಫಲಿತಾಂಶ ಬರೆದುಕೊಳ್ಳುತ್ತಾಳೆ, ಅದು ಮೇಲಕ್ಕೆ ಹೋಗುತ್ತದೆ. ಮೋಟಾರು ನಿಲ್ಲಿಸು ಎಂದು ವಾಟರ್‌ಮ್ಯಾನಿಗೆ ಹೇಳುವ ಅಧಿಕಾರ ಅವಳಿಗಿಲ್ಲ. ಎಷ್ಟಿದ್ದರೆ ಹೆಚ್ಚು ಎಂದು ನಿರ್ಧರಿಸುವ ಅಧಿಕಾರವಂತೂ ಊರಿಗೇ ಇಲ್ಲ.

ಆ ಅಂಕಿ ಬರುವುದು ದೆಹಲಿಯಿಂದ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಸ್ವೀಕಾರಾರ್ಹ, ಬೇರೆ ಮೂಲ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ಈ 1.5 ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿಯೂ ಹೌದು. ಆದರೆ ಆಯಾ ಜಾಗದ ಹವೆಯನ್ನೂ ಜನ ಕುಡಿಯುವ ನೀರಿನ ಪ್ರಮಾಣವನ್ನೂ ನೋಡಿ ಮಿತಿ ಇಟ್ಟುಕೊಳ್ಳಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಡ್ಲೆಕಾಯಿ ಹೊಲ ಹಸನು ಮಾಡುವವನು ಕುಡಿಯುವ ನೀರೆಷ್ಟು, ಫ್ಯಾನಿನ ಕೆಳಗೆ ಕೂತವನು ಕುಡಿಯುವುದೆಷ್ಟು? ಅದೇ ಅಂಕಿ ಇಬ್ಬರ ಮೂಳೆಗೂ ಒಂದೇ ಅಲ್ಲ. ‘ಬೇರೆ ಮೂಲ ಇಲ್ಲದ ಕಡೆ’ ಎಂಬ ಮಾತಂತೂ ನಮಗಾಗಿಯೇ ಬರೆದಂತಿದೆ: ಬಡವನ ಮನೆಗೆ ಮಿತಿ ಒಂದೂವರೆ ಪಟ್ಟು.

ತನ್ನ ನೀರಿಗೆ ತಾನೇ ಅಂಕಿ ಕಟ್ಟಿದ ಊರು ಇಲ್ಲವೇ ಎಂದರೆ, ಇದೆ, ದೂರದಲ್ಲಿ. ಅಮೆರಿಕದ ನ್ಯೂಮೆಕ್ಸಿಕೊದಲ್ಲಿ ರಿಯೊ ಗ್ರಾಂಡ್ ನದಿಯ ದಡದ ಇಸ್ಲೆಟಾ ಎಂಬ ಮೂಲನಿವಾಸಿಗಳ ಸಣ್ಣ ಸಮುದಾಯ. ಮೇಲುಹೊಳೆಯಲ್ಲಿ ಐದಾರು ಮೈಲಿ ದೂರಕ್ಕೆ ಆಲ್ಬುಕರ್ಕಿ ಮಹಾನಗರದ ಕೊಳಚೆ ಶುದ್ಧೀಕರಣ ಘಟಕ. ಅಲ್ಲಿನ ಶುದ್ಧ ಜಲ ಕಾಯ್ದೆಗೆ 1987ರಲ್ಲಿ ಆದ ತಿದ್ದುಪಡಿ ಬುಡಕಟ್ಟುಗಳನ್ನು ರಾಜ್ಯಗಳಿಗೆ ಸಮನಾಗಿ ಕಾಣಲು ದಾರಿ ಮಾಡಿತು. 1992ರಲ್ಲಿ ಇಸ್ಲೆಟಾ ತನ್ನದೇ ಮಾನದಂಡ ಬರೆದುಕೊಂಡಿತು. ಪೂಜೆಯ ಹೊತ್ತಿನಲ್ಲಿ ನಾವು ಈ ನದಿಯಲ್ಲಿ ಮುಳುಗುತ್ತೇವೆ, ಬಾಯಿಗೂ ನೀರು ಹೋಗುತ್ತದೆ, ನೀರು ಅದಕ್ಕೆ ತಕ್ಕಂತಿರಬೇಕು ಎಂಬುದು ಅದರ ತಿರುಳು. ಇಷ್ಟು ಬಿಗಿಯಾದರೆ ಆಗದು ಎಂದು ನಗರ ಕೋರ್ಟಿಗೆ ಹೋಯಿತು, 1996ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತಿತು. ಮರುವರ್ಷ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಇಸ್ಲೆಟಾದಲ್ಲಿ ಓಟಿಲ್ಲದ ನಗರದವರ ತೆರಿಗೆಯ ದುಡ್ಡಿನ ಮೇಲೆ ಅದರ ಮಾತು ನಡೆಯಿತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ನೆರೆಯವರ ಮಾನದಂಡಗಳು ಹೊಂದದೆ ತೊಡಕಾದರೆ ಕೂತು ಬಗೆಹರಿಸಿಕೊಳ್ಳುವ ಏರ್ಪಾಡನ್ನೂ ಆ ಕಾಯ್ದೆಯೇ ಮಾಡಿದೆ.

ಇದನ್ನು ಎತ್ತಿ ತಂದು ಶಿರಾದಲ್ಲಿ ನೆಡಲು ಬರುತ್ತದೆಯೆ? ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವಿಲ್ಲ, ಆದ್ದರಿಂದ ಅಂಥ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮಗೆ ಸೋಕುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಜಲಮೂಲಗಳನ್ನೂ ಸುತ್ತಲ ಜಲಾನಯನವನ್ನೂ ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ. ಆದರೆ ಹಕ್ಕುದಾರರಾಗುವುದು ಎಲ್ಲರಿಗೂ ಒಂದೇ ಸಲೀಸಲ್ಲ. ಇಲ್ಲಿನ ಮ್ಯಾಸಬೇಡ ಸಮುದಾಯದವರು ನಾಯಕರೊಡನೆ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಇಲ್ಲಿನ ಕಾವಲಿನಲ್ಲೇ ಕುರಿ ಮೇಯಿಸುವ ಕಾಡುಗೊಲ್ಲರು ಆ ಪಟ್ಟಿಗಾಗಿ ಇನ್ನೂ ಅರ್ಜಿ ಹಿಡಿದು ನಿಂತವರು, ಆ ಹಕ್ಕಿಗೆ ಮೂರು ತಲೆಮಾರಿನ ಎಪ್ಪತ್ತೈದು ವರ್ಷದ ದಾಖಲೆ ತೋರಿಸಬೇಕಾದವರು. 2019ರಲ್ಲಿ ಬುಕ್ಕಾಪಟ್ಟಣದ ಕಾಡು ಚಿಂಕಾರ ವನ್ಯಧಾಮವಾಯಿತು. ಚಿಂಕಾರಕ್ಕೆ ಗಡಿ ಸಿಕ್ಕಿತು. ಅದು ನೀರಿಲ್ಲದೆಯೂ ಬಹಳ ದಿನ ಬದುಕಬಲ್ಲ ಪ್ರಾಣಿ.

ಕಾನೂನಿಗಿಂತ ದೊಡ್ಡ ತೊಡಕು ಬೇರೆ ಇದೆ. ಇಸ್ಲೆಟಾಕ್ಕೆ ಬೆರಳು ತೋರಿಸಲು ಮೇಲೊಂದು ನಗರವಿತ್ತು. ನಮ್ಮ ಫ್ಲೋರೈಡನ್ನು ಯಾರೂ ಬಿಟ್ಟದ್ದಲ್ಲ, ಬಂಡೆಯೊಳಗೇ ಇದ್ದದ್ದು. ಬಂಡೆಯ ಮೇಲೆ ಕೇಸು ಹಾಕುವವರಾರು? ಹಾಗೆಂದು ಕೈಚೆಲ್ಲುವಂತೆಯೂ ಇಲ್ಲ. ಕಪಿಲೆ ಬಾವಿಯ ಕಾಲದಲ್ಲಿ ನಾವು ಕುಡಿದದ್ದು ಆಯಾ ವರ್ಷದ ಮಳೆಯ ನೀರು. ಈಗ ಸಾವಿರ ಅಡಿಯ ಬೋರಿನಲ್ಲಿ ಬರುವುದು ಕಲ್ಲಿನ ಬಿರುಕಲ್ಲಿ ಕೊಳೆತು ಕೂತಿದ್ದ ಹಳೇ ನೀರು. ನಮ್ಮನ್ನು ಅಷ್ಟು ಆಳಕ್ಕೆ ನೂಕಿದವನು ಪಕ್ಕದ ತೋಟದವನು. ಅವನಿಗಿಂತ ಆಚೆಯವನು ಅವನನ್ನು ನೂಕಿದ. ನೆಲದೊಳಗೆ ಎಲ್ಲರೂ ಎಲ್ಲರಿಗೂ ಮೇಲುಹೊಳೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬೋರು ಕೊರೆಯಬಾರದೆಂದು ರಾಜ್ಯದ 1999ರ ಅಂತರ್ಜಲ ಕಾಯ್ದೆಯೇ ಹೇಳುತ್ತದೆ. ಇಸ್ಲೆಟಾದ ಅಧಿಕಾರಕ್ಕೆ ನಮ್ಮಲ್ಲಿ ಹತ್ತಿರ ಬರುವ ಆಯುಧ ಇದು. ಅದನ್ನು ಹಿಡಿಯುವ ಕೈ ಮಾತ್ರ ಗ್ರಾಮಸಭೆಯದಲ್ಲ, ಅಧಿಕಾರಿಯದು. ಕಿಟ್ಟು ಹಿಡಿದ ಐವರಿಗೆ ಆ ಕಾಯ್ದೆಯ ಹೆಸರನ್ನು ಯಾರಾದರೂ ಹೇಳಿದ್ದಾರೆಯೆ?

ಹೇಮಾವತಿ ನದಿಯ ನೀರಿಗಾಗಿ ನಮ್ಮ ತುಮಕೂರು ಜಿಲ್ಲೆ ಬೀದಿಗಿಳಿಯುತ್ತದೆ. ಮದಲೂರು ಕೆರೆಗೆ ನೀರು ಬರುವುದೋ ಇಲ್ಲವೋ ಎಂಬುದು 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾಗಿತ್ತು. ಎಷ್ಟು ನೀರು ಎಂಬುದಕ್ಕೆ ಟ್ರ್ಯಾಕ್ಟರು ತುಂಬಾ ಜನ. ಎಂಥ ನೀರು ಎಂಬುದಕ್ಕೆ ಒಂದು ಬೈಕಿನಷ್ಟೂ ಇಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ಅಪ್ರಾಮಾಣಿಕತೆ. ಶುದ್ಧಿಯ ವಿಷಯದಲ್ಲಿ ಹಟ್ಟಿಗಳಿಗೆ ಅಧಿಕಾರವೇ ಇಲ್ಲವೆಂದಲ್ಲ, ಭಾರಿಯಾಗಿಯೇ ಇದೆ. ಅದು ತಿರುಗಿರುವುದು ಒಳಕ್ಕೆ. ಮುಟ್ಟಾದವಳನ್ನೂ ಬಾಣಂತಿಯನ್ನೂ ಹಟ್ಟಿಯಾಚೆ ಇಡುವ ಕಟ್ಟಳೆಯಿಂದ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಗುಡಿಸಲ ಚಳಿ ಮಳೆಗೆ ಹಸುಗೂಸು ಸತ್ತಿತು. ಇಸ್ಲೆಟಾದ ಮಡಿ ಮಹಾನಗರವನ್ನು ತಡೆಯಿತು. ನಮ್ಮ ಮಡಿ ತಡೆಯುವುದು ಮನೆಯ ಹೆಣ್ಣನ್ನು. ಊರಿಗೆ ನೀರಿನ ಅಧಿಕಾರ ಕೊಡಿ ಎಂದು ವಾದಿಸುವ ನನ್ನಂಥವರು, ಆ ಊರೆಂದರೆ ಯಾರು, ಕಟ್ಟೆಯ ಮೇಲೆ ಕೂತವರೋ ಕಿಟ್ಟು ಹಿಡಿದವಳೋ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ನಾನು ಕಿಟ್ಟಿನವಳ ಕಡೆ.

ಸದ್ಯಕ್ಕೆ ಎಲ್ಲದಕ್ಕೂ ಕೊಟ್ಟಿರುವ ಉತ್ತರ ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಮೆಂಬ್ರೇನು ಕೆಡದೆ ನಡೆದಷ್ಟು ದಿನ ಅದು ಹಲ್ಲು ಮೂಳೆಗಳನ್ನು ಉಳಿಸುತ್ತದೆ, ನಿಜ. ಆದರೆ ಒಳಗೆ ಹೋದ ನೀರಲ್ಲಿ ಅರ್ಧದಷ್ಟು, ಕೆಲವು ಕಡೆ ಇನ್ನೂ ಹೆಚ್ಚು, ಫ್ಲೋರೈಡನ್ನು ಸಾಂದ್ರವಾಗಿಸಿಕೊಂಡು ಹಿಂದಿನ ಪೈಪಿನಲ್ಲಿ ಆಚೆ ಬರುತ್ತದೆ. ಮುಂದೆ ಕ್ಯಾನಿನ ಸಾಲು, ಹಿಂದೆ ಮೋರಿ. ಮೋರಿಯ ನೀರು ಇಳಿಜಾರು ಹಿಡಿದು ಪಕ್ಕದವರ ಹೊಲಕ್ಕೋ ಗೋಕಟ್ಟೆಗೋ ಸೇರುತ್ತದೆ. ಕಿಟ್ಟು ಇರುವುದು ಕುಡಿಯುವ ನೀರಿಗೆ, ಇದಕ್ಕಲ್ಲ. ಸಂಜೆ ಕಾವಲಿನಿಂದ ಬಂದ ಕುರಿಗಳು ಅಲ್ಲೇ ಬಾಯಿ ಹಾಕುತ್ತವೆ. ಕುರಿಗೂ ಹಲ್ಲು ಕಂದುತ್ತದೆ. ಶಿರಾ ಸಂತೆಯಲ್ಲಿ ದಲ್ಲಾಳಿ ತುಟಿ ಬಿಡಿಸಿ ಹಲ್ಲು ನೋಡುತ್ತಾನೆ, ವಯಸ್ಸು ಎಣಿಸಲಿಕ್ಕೆ.